ಒಗ್ಗರಣೆ ಡಬ್ಬಿಯಲ್ಲಿ ಗಜೇಂದ್ರಗಡದ ಗುಡ್ಡ

ನಮ್ಮ ಕಾಕಾ ಕಳ್ಳರಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವವಳಲ್ಲ. ನನ್ನ ಯಜಮಾನರ ಚಿಕ್ಕಪ್ಪ, ರೋಣದ ಪೇಟೆಯ ಮರ್ಯಾದಸ್ಥ ಜೋಳದ ವ್ಯಾಪಾರಿ, ಎಲ್ಲ ನಿಜ. ಆದರೆ ನನ್ನ ತವರಿನ ಒಗ್ಗರಣೆ ಡಬ್ಬಿಯನ್ನು ಹಾಡಹಗಲೇ ಎತ್ತಿಕೊಂಡು ಹೋದವರನ್ನು ಬೇರೆ ಏನೆನ್ನಬೇಕು, ನೀವೇ ಹೇಳಿ!

ಕಾರಣ ಕಾಕು, ಅವರ ಹೆಂಡತಿ. ಸೊಂಟದ ಮೂಳೆ ಮುರಿದು ಮಂಚ ಹಿಡಿದ ಕಾಕುವಿಗೆ ತವರೂರು ಗಜೇಂದ್ರಗಡದ ಗುಡ್ಡವನ್ನು ಸಂಜೆ ಬಿಸಿಲಿನಲ್ಲಿ ಒಮ್ಮೆ ನೋಡುವ ಆಸೆ. ಗಾಡಿಯ ಕುಲುಕಾಟವೇ ಬೇಡವೆಂದಿದ್ದರು ಡಾಕ್ಟರು. ಮೈದುನನ ಹೊಸ ಮೊಬೈಲಿನಲ್ಲಿ ಫೋಟೋ ತೆಗೆಸೋಣ ಎಂದೆ.

"ಅದರಾಗ ಸಂಜಿ ಬಣ್ಣ ಖರೇ ಬರಂಗಿಲ್ಲ ಯವ್ವಾ. ನಾನಽ ಅಲ್ಲಿ ಕುಂತು ಬರದು ತರತೇನಿ" ಎಂದರು ಕಾಕಾ, ಜನ್ಮದಲ್ಲಿ ಕುಂಚ ಮುಟ್ಟದ ಮನುಷ್ಯ!

ಬಸ್ಸಿನಲ್ಲಿ ಒಯ್ಯಲು ಬಣ್ಣದ ಪೆಟ್ಟಿಗೆ ಬೇಕಲ್ಲ? ಏಳು ಬಟ್ಟಲು, ಗಟ್ಟಿ ಮುಚ್ಚಳ. ನನ್ನ ಡಬ್ಬಿ ಹೋಯಿತು, ಸಾಸಿವೆ ಜೀರಿಗೆ ಕಾಗದದ ಪೊಟ್ಟಣ ಸೇರಿದವು.

ಏಳು ಬಟ್ಟಲಿಗೆ ಏಳೇ ಬಣ್ಣ. ಯಾವ ಏಳು? ಮದುವೆಯ ಸೀರೆ ಆರಿಸುವವರೂ ಇಷ್ಟು ಸತಾಯಿಸುವುದಿಲ್ಲ. ನರಗುಂದದ ಬಣ್ಣದ ಅಂಗಡಿಗೆ ನನ್ನನ್ನೂ ಎಳೆದೊಯ್ದರು. ಅಂಗಡಿಯ ಸಾಹೇಬರು ಟ್ಯೂಬುಗಳನ್ನೆಲ್ಲ ಹರವಿದರು.

"ಹಸರ ಬ್ಯಾಡ್ರಿ. ಹಳದಿ, ನೀಲಿ ಕೂಡಿಸಿದ್ರ ತಾನಽ ಹುಟ್ಟತೈತಿ" ಎಂದರು ಕಾಕಾ.

"ಕರೇದರ ಒಯ್ರಿ."

"ಗುಡ್ಡದಾಗ ಕರೇದು ಎಲ್ಲೈತ್ರಿ?"

ಸಾಹೇಬರು ನನ್ನತ್ತ ತಿರುಗಿದರು. "ಅಕ್ಕಾರ, ಇವರು ಮನ್ಯಾಗೂ ಹಿಂಗಽ ಏನ್ರಿ?"

ಮನೆಯಲ್ಲಿ ಇದಕ್ಕಿಂತ ಕಡೆ ಎಂದೆ.

ತಂದ ಬಣ್ಣವನ್ನು ಕಾಗದಕ್ಕೆ ಬಳಿದು ಕಾಕುವಿನ ಮುಂದೆ ಹಿಡಿಯುವುದು, ಕಾಕು ಮಲಗಿದಲ್ಲೇ ತೀರ್ಪು ಕೊಡುವುದು. "ಇದು ನಮ್ಮ ಗುಡ್ಡ ಅಲ್ಲರಿ, ಹೊಸಾ ಗಡಿಗಿ." ಮರುದಿನ ಮತ್ತೆ ನರಗುಂದದ ಬಸ್ಸು! ಅಂತೂ ಒಂದು ಮಾಸಲು ಇಟ್ಟಿಗೆಗೆಂಪಿಗೆ ಕಾಕು ತಲೆಯಾಡಿಸಿದರು. ಬಣ್ಣ ಬಟ್ಟಲಲ್ಲಿ ಬಿರಿಯಬಾರದೆಂದು ಕಾಕಾ ನನ್ನ ಮಗಳ ಕೆಮ್ಮಿನ ಜೇನುತುಪ್ಪವನ್ನೇ ಬೆರೆಸಿ, ಮಾಳಿಗೆಯ ಮೇಲೆ ಒಣಗಲಿಟ್ಟರು. ಓಣಿಯ ಇರುವೆಗಳೆಲ್ಲ ಊಟಕ್ಕೆ ಬಂದವು. ಅವನ್ನು ಓಡಿಸುತ್ತ ಬಿಸಿಲಲ್ಲಿ ಕುಳಿತವರು ಯಾರು? ನಾನೇ!

ಗಜೇಂದ್ರಗಡದಲ್ಲಿ ಕಾಕುವಿನ ತವರುಮನೆಯ ಹಿತ್ತಿಲಲ್ಲಿ ಕುಳಿತು ಹೊತ್ತು ಮುಳುಗುವವರೆಗೆ ಬರೆದರು. ನಾನು ನೀರಿನ ಚೊಂಬು ಹಿಡಿದು ನಿಂತಿದ್ದೆ. ಗುಡ್ಡ ಕರಗಿದ ಬೆಲ್ಲದ ಹಾಗೆ ಬಂತು. ಇಷ್ಟಕ್ಕೆ ನನ್ನ ಡಬ್ಬಿ ಹಾಳಾಯಿತೇ ಎಂಬ ಸಿಟ್ಟಿಗೆ ದಾರಿಯುದ್ದಕ್ಕೂ ಅವರೊಡನೆ ಮಾತಾಡಲಿಲ್ಲ.

ಕಾಕು ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಬಣ್ಣ ಖರೇ ಅದಽ ಐತಿ. ನನ್ನ ನೋಡಾಕ ಬಂದಾಗ ನೀವು ಈ ಗುಡ್ಡಾನಽ ನೋಡಕೋತ ಕುಂತಿದ್ರಿ. ಹುಡಿಗಿ ಮನಸಿಗೆ ಬಂದಿಲ್ಲ ಅಂತ ನಮ್ಮವ್ವ ಅತ್ತಿದ್ಳು."

ಕಾಕಾ ತಲೆ ತಗ್ಗಿಸಿದರು. "ನಿನ್ನ ಮಾರಿ ನೋಡಾಕ ಧೈರ್ಯ ಆಗಲಿಲ್ಲ."

ಬಣ್ಣ ಮೆತ್ತಿದ ಆ ಕೈಯನ್ನು ಕಾಕು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಈಗರ ನೋಡ್ರಿ" ಎಂದರು.