ಮಾವನ ಗೊರಕೆ ಮತ್ತು ಛತ್ರದ ಉಗ್ರಾಣ

ನಮ್ಮ ಸೋದರಮಾವನಷ್ಟು ಸುಖವಾಗಿ ನಿದ್ದೆ ಮಾಡುವ ಮನುಷ್ಯ ಇಡೀ ಹಾಸನ ಜಿಲ್ಲೆಯಲ್ಲೇ ಇಲ್ಲವೆಂದು ನಾವೆಲ್ಲ ಬಹಳ ವರ್ಷ ನಂಬಿದ್ದೆವು. ನಂಬದೆ ಏನು ಮಾಡುವುದು? ಹೊಳೆನರಸೀಪುರದಲ್ಲಿ ಅವರ ಗೊರಕೆ ಬೀದಿಯ ಕೊನೆಯವರೆಗೂ ಕೇಳಿಸುತ್ತಿತ್ತು!

ನಮ್ಮ ಕಡೆ ಮದುವೆಯೆಂದರೆ ಛತ್ರದ ಉಗ್ರಾಣದಲ್ಲಿ ಒಬ್ಬ ನಂಬಿಕಸ್ಥ ನೆಂಟ ಕಾವಲು ಮಲಗಬೇಕು. ತೊಂಬತ್ತರ ದಶಕದ ಉದ್ದಕ್ಕೂ, ಅರಕಲಗೂಡಾಗಲಿ ಚನ್ನರಾಯಪಟ್ಟಣವಾಗಲಿ, ಆ ಹುದ್ದೆ ಮಾವನದೇ. ತುಪ್ಪದ ಡಬ್ಬ, ಲಾಡಿನ ಬುಟ್ಟಿಗಳ ನಡುವೆ ಅವರು ಚಾಪೆ ಹಾಸಿದರೆ ಬೀಗವೇ ಬೇಡ. ಗೊರಕೆ ಏರುತ್ತಾ ಏರುತ್ತಾ ಹೋಗಿ ಥಟ್ಟನೆ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಒಂದು ದೊಡ್ಡ ಗುಟುರು!

"ಅದೇ ಕಣ್ಲಾ ಚೆಂದ," ಎನ್ನುತ್ತಿದ್ದರು ಹಿರಿಯರು. "ಸದ್ದು ನಿಂತೇಟ್ಗೆ, ಎದ್ಬುಟ್ಟ ಅಂತ ಕಳ್ಳ ಓಡೋಯ್ತಾನೆ."

ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು. ಅತ್ತೆ ಮಾತ್ರ ನಗುತ್ತಿರಲಿಲ್ಲ.

ಹಗಲಲ್ಲೂ ಅದೇ ಕಥೆ. ಹಾಸನದ ದಾರಿಯಲ್ಲಿರುವ ಮೊಸಳೆ ಎಂಬ ಊರಿನ ಶಾಲೆಗೆ ಮೇಷ್ಟರಾಗಿದ್ದ ಮಾವ ಬಸ್ಸಿನಲ್ಲೇ ನಿದ್ದೆಹೋಗಿ ಹಾಸನ ಸೇರಿಬಿಡುತ್ತಿದ್ದರು. "ಸಾ, ಏಳಿ ಸಾ, ನಿಮ್ಮಿಸ್ಕೂಲು ಇಂದಕ್ಕೋಯ್ತು," ಎಂದು ಕಂಡಕ್ಟರೇ ಎಬ್ಬಿಸಬೇಕು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮಾವನಿಗೆ ಬಿ.ಪಿ. ಬಂತು. ಎಷ್ಟು ಮಾತ್ರೆ ಬದಲಾಯಿಸಿದರೂ ಅದು ಜಗ್ಗಲಿಲ್ಲ. ಎದೆ ಡವಗುಟ್ಟತೊಡಗಿದಾಗ ಅತ್ತೆ ಹಟ ಹಿಡಿದು ಹಾಸನದ ಡಾಕ್ಟರ ಹತ್ತಿರ ಕರೆದೊಯ್ದರು. ನಾನೂ ಜೊತೆಗೆ ಹೋದೆ. ಬೆಂಚಿನ ಮೇಲೆ ಕೂತವರೇ ಮಾವ ಗೊರಕೆ ಶುರುಮಾಡಿದರು! ಡಾಕ್ಟರು ಒಳಗಿದ್ದ ರೋಗಿಯನ್ನು ಬಿಟ್ಟು ಎದ್ದು ಬಂದರು. ಬೈಯುತ್ತಾರೇನೋ ಅಂದುಕೊಂಡರೆ, ಸುಮ್ಮನೆ ಮಾವನ ಎದೆಯನ್ನೇ ನೋಡುತ್ತಾ ನಿಂತರು. ಗೊರಕೆ ನಿಂತಿತ್ತು. ಎದೆಯೂ ಏಳುತ್ತಿರಲಿಲ್ಲ.

"ನಿದ್ದೆಗೇನೂ ಕಮ್ಮಿ ಇಲ್ಲ ಸಾರ್ ಇವ್ರಿಗೆ," ಎಂದೆ, ಹೆಮ್ಮೆಯಿಂದಲೇ.

"ನಿದ್ದೇನಾ? ಇವ್ರು ಸರಿಯಾಗಿ ನಿದ್ದೆ ಮಾಡಿ ಎಷ್ಟು ವರ್ಷ ಆಯ್ತೋ! ಹೀಗೆ ಉಸಿರು ಕಟ್ಟಿದಾಗೆಲ್ಲ ಹೃದಯ ಗಾಬರಿಬಿದ್ದು ದುಡಿಯುತ್ತೆ. ಬಿ.ಪಿ. ಇಳೀದೆ ಇರೋದಕ್ಕೆ ಇದೇ ಕಾರಣ ಇರ್ಬೇಕು. ಹೀಗೇ ಬಿಟ್ರೆ ಹೃದಯ ಸೋತುಹೋಗುತ್ತೆ."

ಇಷ್ಟು ವರ್ಷ ನಾವು ಮೆಚ್ಚಿ ನಕ್ಕದ್ದು ಒಬ್ಬ ಮನುಷ್ಯ ಉಸಿರಿಗಾಗಿ ಒದ್ದಾಡುತ್ತಿದ್ದ ಸದ್ದಿಗೆ!

ಪರೀಕ್ಷೆಗಳೆಲ್ಲ ಮುಗಿದು, ಬೆಂಗಳೂರಿನಿಂದ, ಮಲಗುವಾಗ ಉದ್ದನೆಯ ಕೊಳವೆಯಲ್ಲಿ ಮೂಗಿಗೆ ಗಾಳಿ ಊದುವ ಯಂತ್ರ ಬಂತು. "ತಾತಂಗೆ ಸೊಂಡ್ಲು ಬಂತು!" ಎಂದು ಮೊಮ್ಮಕ್ಕಳು ಕುಣಿದವು. ಗಣಪತಿಯಾದ ಮಾವನ ಬಿ.ಪಿ. ಮೆಲ್ಲಗೆ ಇಳಿಯಿತು.

ಆಮೇಲೊಂದು ಮಧ್ಯಾಹ್ನ ಅವರ ಮನೆಗೆ ಹೋದೆ. ಮಾವ ಬಾಗಿಲಲ್ಲೇ ತುಟಿಗೆ ಬೆರಳಿಟ್ಟು ತಡೆದರು.

"ಮೆತ್ತಗೆ ಬಾರ್ಲಾ. ನಿಮ್ಮತ್ತೆ ಮನಗವ್ಳೆ."

"ಈ ಹೊತ್ತಿನಲ್ಲಾ?"

"ಇಷ್ಟ್ ವರ್ಸ ನನ್ನುಸ್ರು ನಿಂತಾಗೆಲ್ಲ ಎದ್ದೆದ್ದು ಅಲ್ಲಾಡ್ಸೋಳಂತೆ ಕಣ್ಲಾ. ಯೋಳುದ್ರೆ ನಾನು ಎದ್ರುಕತ್ತೀನಿ ಅಂತ ಒಂದಿನಾನೂ ಬಾಯ್ ಬಿಡ್ನಿಲ್ಲ."

ಮಾವನ ಕಣ್ಣು ತುಂಬಿತ್ತು. ಇಬ್ಬರೂ ಜಗಲಿಯ ಮೇಲೆ ಕೂತೆವು. ಅಷ್ಟರಲ್ಲಿ ಐಸ್‌ಕ್ಯಾಂಡಿಯವನು ಸೈಕಲ್ ತಳ್ಳಿಕೊಂಡು ಗಂಟೆ ಬಾರಿಸುತ್ತಾ ಬಂದ. ಮಾವ ಬರಿಗಾಲಲ್ಲೇ ಓಡಿಹೋಗಿ ಆ ಗಂಟೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದುಕೊಂಡರು. ಹಾಗೇ ಹಿಡಿದುಕೊಂಡು, ಬೀದಿಯ ಕೊನೆಯವರೆಗೂ ಅವನ ಜೊತೆಗೇ ನಡೆದರು.