ಸೀಟಿ ಪಣಕ್ಕಿಟ್ಟು ಓಡಿದ್ದು

ಓಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಹೊತ್ತಿಗೆ ಸರಿಯಾಗಿ ಹೊರಟವನಿಗೆ ಓಡುವ ಅಗತ್ಯವೇ ಬೀಳುವುದಿಲ್ಲ. ಕಾಫಿ ತೋಟದಲ್ಲಿ ಮೂವತ್ತು ವರ್ಷ ರೈಟರ್ ಆಗಿದ್ದವನು ನಾನು. ಬೆಳಗ್ಗೆ ಆರಕ್ಕೆ ಸೀಟಿ ಊದಿ, ಲೈನುಮನೆಗಳ ಆಳುಗಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ಹಾಕುತ್ತಿದ್ದೆ. ನಿವೃತ್ತನಾದ ಮೇಲೆ ಆ ಸೀಟಿಯೂ ನನ್ನ ಜೊತೆ ಮನೆಗೆ ಬಂತು. ದಿನಾ ಐದಕ್ಕೆ ಮನೆಮಂದಿಯನ್ನೆಲ್ಲ ಎಬ್ಬಿಸತೊಡಗಿತು. ಇಂಥ ನಾನು ಅರುವತ್ತರ ಹತ್ತಿರ ಬಂದಾಗ ಚಡ್ಡಿ ಹಾಕಿಕೊಂಡು ರಸ್ತೆಯಲ್ಲಿ ಓಡಿದೆ ಎಂಬುದನ್ನು ಬೇರೆಯವರು ಬಣ್ಣ ಕಟ್ಟಿ ಹೇಳುವ ಮೊದಲು ನಾನೇ ಹೇಳಿಬಿಡುವುದು ಮೇಲು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಮ್ಮಲ್ಲಿ ಊರಿಗೊಂದು ಯುವಕ ಸಂಘ ಹುಟ್ಟಿತು. ಮಳೆ ಬಿಟ್ಟು ಬಿಸಿಲು ಕಂಡ ಕೂಡಲೇ ಪ್ರತಿ ಸಂಘವೂ ಒಂದು ಮ್ಯಾರಥಾನ್ ಇಡುತ್ತಿತ್ತು. ಮ್ಯಾರಥಾನ್ ಎಂದರೆ ಇಪ್ಪತ್ತಾರು ಮೈಲಿ; ಇವರದು ಹತ್ತೇ ಮೈಲಿ. ಅಳತೆ ಗೊತ್ತಿಲ್ಲದವರು ಹೆಸರನ್ನಾದರೂ ಚಿಕ್ಕದಾಗಿ ಇಡಬೇಕು. ಇದನ್ನು ನಾನು ಊಟಕ್ಕೆ ಕೂತು ವಿವರಿಸುತ್ತಿದ್ದಾಗ ತಂಗಿಯ ಮಗ ಬೆಳ್ಯಪ್ಪ ಎದುರಿಗಿದ್ದ. ನಮ್ಮ ಮನೆಯಲ್ಲೇ ಇರುವ ಮೂವತ್ತು ವರ್ಷದ ಗಂಡಸು. ಸೀಟಿ ಕೇಳಿದರೆ ಮಗ್ಗುಲು ಬದಲಿಸುವವನು.

“ಮಾವ, ಊದುದು ಸುಲಭ. ಓಡುದು ಕಷ್ಟ,” ಎಂದ, ಇನ್ನೊಂದು ಕಡಂಬುಟ್ಟಿನ ಉಂಡೆ ತಟ್ಟೆಗೆ ಹಾಕಿಕೊಳ್ಳುತ್ತ.

ನಾನು ಓಡಿ ತೋರಿಸುತ್ತೇನೆ ಎಂದೆ. ನನ್ನ ಹೆಂಡತಿ ಸೌಟು ಕೆಳಗಿಟ್ಟಳು. “ಆಗಲಿ, ಓಡಿ. ಒಬ್ಬನಾದರೂ ನಿಮ್ಮ ಹಿಂದೆ ಬಂದರೆ ಸೀಟಿ ನಿಮ್ಮದೇ. ನೀವೇ ಕಡೆಯವರಾದರೆ ಅದು ನಂಗೆ.” ಮನೆಮಂದಿಯ ಮುಖದಲ್ಲಿ ಅಂಥ ಆಸೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಯಾವ ಓಟ ಎಂದು ಆರಿಸಲು ಒಂದು ವಾರ ತೆಗೆದುಕೊಂಡೆ. ಕುಶಾಲನಗರದಿಂದ ಶಿರಂಗಾಲದ ಕಡೆಗೆ ಒಂದಿತ್ತು. ಆ ರಸ್ತೆ ಚಾಪೆಯ ಹಾಗೆ ಸಪಾಟು. ಅಲ್ಲಿ ಓಡುವುದಕ್ಕೆ ಮನುಷ್ಯನೇ ಬೇಕೆಂದಿಲ್ಲ, ಎತ್ತು ಸಾಕು. ಮಡಿಕೇರಿಯದರ ನೋಟೀಸಿನಲ್ಲಿ ‘ಮಂಜು ಸರಿದ ಮೇಲೆ ಆರಂಭ’ ಎಂದಿತ್ತು. ಮಂಜಿನ ಮರ್ಜಿ ಕಾಯುವ ಓಟಕ್ಕೆ ನಾನು ಹೋಗುವವನಲ್ಲ. ಮೂರನೆಯದು ಗೋಣಿಕೊಪ್ಪದಿಂದ ಬಿಟ್ಟಂಗಾಲದ ಮೇಲೆ ವಿರಾಜಪೇಟೆಗೆ. ಬೆಳಗ್ಗೆ ಏಳಕ್ಕೆ ಸರಿಯಾಗಿ ಆರಂಭ. ಅದನ್ನೇ ಆರಿಸಿದೆ. ಹೊತ್ತು ಖಚಿತವಾಗಿದೆ ಎಂಬುದು ನಾನು ಎಲ್ಲರಿಗೂ ಹೇಳಿದ ಕಾರಣ. ದಾರಿಯುದ್ದಕ್ಕೂ ನನ್ನ ನೆಂಟರ ಮನೆಗಳಿವೆ, ಎಲ್ಲರೂ ನೋಡುತ್ತಾರೆ ಎಂಬುದು ಹೇಳದೆ ಉಳಿಸಿಕೊಂಡ ಕಾರಣ.

ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಮೊದಲ ದಿನ ಮೋರಿಯವರೆಗೆ ಓಡಿ, ಮೋರಿಯ ಮೇಲೆ ಓಡಿದ್ದಕ್ಕಿಂತ ಹೆಚ್ಚು ಹೊತ್ತು ಕೂತೆ. ತಿಂಗಳು ಕಳೆಯುವಾಗ ನಾಲ್ಕು ಮೈಲಿ ಓಡುತ್ತಿದ್ದೆ. ಬೆಳ್ಯಪ್ಪನೂ ಹೆಸರು ಕೊಟ್ಟಿದ್ದ. ಅವನ ತರಬೇತಿ ಎಂದರೆ ಕಂಬದ ಮರೆಯಲ್ಲಿ ಬೀಡಿ ಸೇದುತ್ತ ನನ್ನನ್ನು ನೋಡುವುದು. ನನ್ನ ಹಿಂದೆ ಬರುವವನು ಯಾರೆಂದು ನನಗೆ ಖಾತ್ರಿಯಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ದಾರಿಯಲ್ಲಿ ಹಿರಿಯರು ಸಿಕ್ಕರೆ ನಿಂತು, ಮೂರು ಸಲ ಬಾಗಿ ಕಾಲು ಮುಟ್ಟಿಯೇ ಮುಂದೆ ಹೋಗುವುದು ನಮ್ಮ ಕಡೆಯ ಪದ್ಧತಿ. ಈಗಿನವರು ದೂರದಿಂದಲೇ ಹಲ್ಲು ಕಿರಿದು ದಾಟಿಕೊಳ್ಳುತ್ತಾರೆ. ಅಂಥವರನ್ನು ಸಂತೆಯ ನಡುವೆಯೇ ಕರೆದು ಬಾಗಿಸಿದವನು ನಾನು. ಸುತ್ತಿನ ಹುಡುಗರಿಗೆಲ್ಲ ಅದು ಚೆನ್ನಾಗಿ ನೆನಪಿತ್ತು.

ಓಟದ ದಿನ ಹಿರಿಯನೆಂದು ನನ್ನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದರು. ಕೊರಳಲ್ಲಿ ಸೀಟಿಯಿತ್ತು. ಅರ್ಧ ಮೈಲಿ ಓಡಿದ್ದೆನೋ ಇಲ್ಲವೋ, ಹಿಂದಿನಿಂದ ಬಂದವನೊಬ್ಬ ಎದುರಿಗೆ ನಿಂತು ಬಾಗಿದ. ಬಾಗಿದವನ ತಲೆಯ ಮೇಲೆ ಕೈಯಿಡದೆ ಓಡುವುದುಂಟೆ? ನಿಂತು ಹರಸಿದೆ. ನೋಡಿದರೆ ಅವನ ಹಿಂದೆ ಸಾಲು. ಒಬ್ಬನೂ ನುಗ್ಗಲಿಲ್ಲ. ಇಪ್ಪತ್ತೆರಡು ಮಂದಿಗೆ ‘ಒಳ್ಳೆಯದಾಗಲಿ’ ಎಂದೆ. ಇಪ್ಪತ್ತೆರಡು ಮಂದಿಗೂ ಒಳ್ಳೆಯದಾಯಿತು, ಮುಂದೆ ಹೋದರು. ಅಷ್ಟರಲ್ಲಿ ನನ್ನ ಮಂಡಿಗಳು ತಣ್ಣಗಾಗಿ ಬಿಗಿದುಕೊಂಡವು.

ಬಿಟ್ಟಂಗಾಲದಲ್ಲಿ ನನ್ನ ಸೋದರತ್ತೆ ರಸ್ತೆ ಬದಿಗೆ ಕುರ್ಚಿ ಹಾಕಿಸಿ ಕೂತಿದ್ದರು. “ಬಸ್ಸು ತಪ್ಪಿಹೋತಾ ಮಗ?” ಎಂದರು. ನಾನೂ ಮೂರು ಸಲ ಬಾಗಿದೆ. ಎರಡು ಸಲ ಎದ್ದೆ. ಮೂರನೆಯ ಸಲ ನನ್ನನ್ನು ಎತ್ತಿದವನು, ಆ ಸಾಲಿಗೂ ಸೇರದೆ ಹಿಂದೆಯೇ ಉಳಿದಿದ್ದ ಬೆಳ್ಯಪ್ಪ.

“ಮಾವ, ನಮ್ಮಿಬ್ಬರ ಹಿಂದೆ ಇನ್ನು ಯಾರೂ ಇಲ್ಲೆ,” ಎಂದ ಮೆಲ್ಲಗೆ. “ನೀವು ಮುಂದೆ ನಡೀರಿ. ನಾ ಹಿಂದೆ ಬರ್ತೆ. ಸೀಟಿ ನಿಮಗೇ ಇರಲಿ.”

ಒಪ್ಪಿಕೊಂಡಿದ್ದರೆ ಆಗುತ್ತಿತ್ತು. ಒಂದು ಫರ್ಲಾಂಗು ಒಪ್ಪಿಕೊಂಡೆ ಕೂಡ. ಆದರೆ ಬೆನ್ನ ಹಿಂದೆ ಅವನು ಕಾಲು ಎಳೆದುಕೊಂಡು ಬರುವ ಸದ್ದು. ಮೂವತ್ತು ವರ್ಷ ಅಂಥ ಸದ್ದು ಕೇಳಿ ರೋಸಿದ ಕಿವಿ ನನ್ನದು. ತಿರುಗಿ ನೋಡಿದರೆ ಎರಡೂ ಕೈ ಜೇಬಿನಲ್ಲಿ. ತಡೆಯಲಾಗಲಿಲ್ಲ; ಸೀಟಿಯನ್ನು ಗಟ್ಟಿಯಾಗಿ ಊದಿಬಿಟ್ಟೆ. “ಎಂತ ನಡಿಗೆ ಇದು, ಹೆಣದ ಹಿಂದೆ ಹೋದ ಹಾಗೆ? ಕೈ ಹೊರಗೆ ತೆಗಿ. ಓಡು.”

ಹುಟ್ಟಿದಾಗಿನಿಂದ ನನ್ನ ಮಾತು ಕೇಳದವನು ಅಂದು ಕೇಳಿದ. ಮೂರು ಸಲ ಕಾಲು ಮುಟ್ಟಿ ಓಡಿಯೇಬಿಟ್ಟ.

ನಾನು ವಿರಾಜಪೇಟೆ ಮುಟ್ಟುವಾಗ ಬಾವುಟ, ಹಗ್ಗ ಎಲ್ಲ ಬಿಚ್ಚಿ ಆಗಿತ್ತು. ಹೆಂಡತಿ ಮಾತ್ರ ಕೈ ಚಾಚಿಕೊಂಡು ನಿಂತಿದ್ದಳು.

“ಬೆಳ್ಯಪ್ಪ ಓಡಿಕೊಂಡೇ ಬಂದನಲ್ಲ,” ಎಂದಳು.

“ನಾನೇ ಓಡಿಸಿದ್ದು,” ಎಂದು ಸೀಟಿ ತೆಗೆದುಕೊಟ್ಟೆ.

ಒಂದು ವಾರ ಅವಳು ಅದನ್ನು ಊದಲಿಲ್ಲ. ಮನೆಯವರೆಲ್ಲ ಏಳರವರೆಗೆ ಮಲಗಿದರು. ನಾನೊಬ್ಬ ಐದಕ್ಕೆ ಎದ್ದು ಅಂಗಳದಲ್ಲಿ ಸುಮ್ಮನೆ ನಿಂತೆ. ಎಂಟನೆಯ ದಿನ ಅಡಿಗೆಮನೆಯಿಂದ ಸೀಟಿ ಕೇಳಿತು. ಒಲೆಗೆ ಸೌದೆ ಬೇಕಂತೆ. ಗಡಿಯಾರದಲ್ಲಿ ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು, ನಾನು ಹಾಸಿಗೆಯಲ್ಲೇ ಇದ್ದೆ. ಹೊತ್ತುಗೊತ್ತು ತಿಳಿಯದವರ ಕೈಗೆ ಸೀಟಿ ಕೊಟ್ಟರೆ ಹೀಗೇ ಆಗುವುದು. ಅಂದಿನಿಂದ ನಾಲ್ಕೂವರೆಗೇ ಎದ್ದು ಸೌದೆ ತಂದಿಟ್ಟು, ಅಡಿಗೆಮನೆಯ ಬಾಗಿಲಲ್ಲಿ ಸಾಲಾಗಿ ನಿಂತಿರುತ್ತೇನೆ. ಸಾಲಿನಲ್ಲಿ ನಾನೊಬ್ಬನೇ.