ಎರಡಾಳಿನ ಮಣೆ

ಹುಟ್ಟಿದ ದಿನವನ್ನು ತಾವೊಬ್ಬರೇ ಅನುಭವಿಸುವ ಜನರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಆ ದಿನ ಏನು ಹಾಳು ಮಾಡಿಕೊಂಡರೂ ಅವರದ್ದೇ ಹಾಳಾಗುತ್ತದೆ. ನನಗೆ ಆ ಅನುಕೂಲವಿಲ್ಲ. ಸೀಗೆ ಹುಣ್ಣಿಮೆಯ ಮರುದಿನ ನನ್ನ ಜೊತೆಗೇ ಪಾರವ್ವನೂ ಹುಟ್ಟಿದಳು. ಯಾರು ಮೊದಲು ಎಂಬ ಜಗಳ ಇನ್ನೂ ಮುಗಿದಿಲ್ಲ. ಸೂಲಗಿತ್ತಿ ನನ್ನನ್ನು ಕಂಡರೆ ನಾನೆಂದೂ, ಅವಳನ್ನು ಕಂಡರೆ ಅವಳೆಂದೂ ಹೇಳಿ, ಇಬ್ಬರ ಕೈಯಿಂದಲೂ ಎಲೆ ಅಡಿಕೆ ಹಾಕಿಕೊಂಡು, ಕೊನೆಗೆ ಏನೂ ತೀರ್ಮಾನ ಹೇಳದೆ ಸತ್ತಳು.

ನಮ್ಮಲ್ಲಿ ಹೆಣ್ಣುಮಕ್ಕಳ ಹುಟ್ಟಿದ ದಿನವನ್ನು ಯಾರೂ ನೆನಪಿಡುತ್ತಿರಲಿಲ್ಲ. ಆರತಿ, ಗೋದಿ ಹುಗ್ಗಿ ಎಲ್ಲ ಗಂಡುಮಗನಿಗೆ. ಆದರೆ ಅವ್ವ, "ಒಂದ ಹೊಟ್ಟ್ಯಾಗ ಕುಂತವರು ಒಂದ ಮಣೀ ಮ್ಯಾಲೆ ಕುಂದರ್ಲಿ" ಎಂದು ಬಡಿಗನ ಕೈಲಿ ಎರಡಾಳಿನ ಮಣೆ ಮಾಡಿಸಿದ್ದಳು. ಹಾಗಾಗಿ ನಾನು ಕೂತರೆ ಪಾರವ್ವನಿಗೂ ಆರತಿ. ನಾನು ಕೂರದಿದ್ದರೆ ಅವಳು ಹುಟ್ಟೇ ಇಲ್ಲ. ಅವ್ವ ಹೋದ ಮೇಲೂ, ಕಾನಸೂರಿಗೆ ಮದುವೆಯಾಗಿ ಹೋದ ಮೇಲೂ, ಅವಳು ಆ ಒಂದು ದಿನ ಬೆಳಗಿನ ಬಸ್ಸಿಗೆ ಶಿರಸಿಗೆ ಬರುತ್ತಿದ್ದಳು. ಸಂಜೆಯ ಬಸ್ಸಿಗೆ ವಾಪಸು ಹೋಗಲೇಬೇಕು, ಅತ್ತೆಯ ಅಪ್ಪಣೆ ಅಷ್ಟೇ. ಆರತಿಯಾಗುವ ತನಕ ಒಂದು ಗುಟುಕು ಚಹಾ ಕೂಡ ಮುಟ್ಟುತ್ತಿರಲಿಲ್ಲ.

ಆ ವರ್ಷ ನನ್ನ ಹೆಂಡತಿ ನೀಲವ್ವ ಹುಗ್ಗಿ ಇಳಿಸಿ, "ಆರತಿ ತಾಟಿಗೆ ಎಲಿ ಇಲ್ಲ, ಲಗೂನ ತಗೊಂಡು ಬರ್ರಿ" ಎಂದಳು. ವೀಳ್ಯದೆಲೆ ಕೊಂಡೆ. ಮನೆಗೆ ನೆಟ್ಟಗಿನ ದಾರಿ ಇತ್ತು. ನಾನು ಅಂತೋನನ ಸೋಡಾ ಅಂಗಡಿಯ ದಾರಿ ಹಿಡಿದೆ.

ಮುಂಬಯಿ ರಾಜ್ಯ ಹೋಗಿ ಮೈಸೂರು ಬಂದಿದ್ದರೂ ದಾರೂಬಂದಿ, ಅಂದರೆ ಸೆರೆ ಮಾರಬಾರದು ಕುಡಿಯಬಾರದು ಎಂಬ ಕಾಯ್ದೆ, ಮಾತ್ರ ಹೋಗಿರಲಿಲ್ಲ. ಅಂತೋನನ ಅಂಗಡಿಯಲ್ಲಿ ಮುಂದೆ ಗೋಲಿ ಸೋಡಾ. ಹಿಂದೆ, ಖಾಲಿ ಬಾಟಲಿ ಪೆಟ್ಟಿಗೆಗಳ ಮರೆಯಲ್ಲಿ, ಒಂದು ಕುಂಟು ಬೆಂಚು, ಒಂದು ಹಳೆಯ ಹಲ್ಲಿ, ಮೇಲೆ ಕೆಂಪು ಎಣ್ಣೆ ನಿಂತ ಮಾವಿನಮಿಡಿ ಉಪ್ಪಿನಕಾಯಿಯ ಭರಣಿ. ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಹೊಲಿಗೆ ಮಷೀನಿನ ಮುಂದೆ ಕೂತವನು ನಾನು. ನನ್ನನ್ನು ಕಂಡು ಯಾರಾದರೂ ಸರಿದು ಜಾಗ ಕೊಡುತ್ತಿದ್ದುದು ಇಡೀ ಲೋಕದಲ್ಲಿ ಆ ಬೆಂಚಿನ ಮೇಲೆ ಮಾತ್ರ.

"ಏನೋ ಶಿವ್ಯಾ, ಹುಟ್ಟಿದ ದಿನಾ ಗಂಟಲಾ ಒಣಗಿಸ್ಕೊಂಡು ಹೊಂಟೀ?" ಎಂದ ಹಮಾಲಿ ಮಾಡುವ ಬಸಣ್ಣ.

"ತಂಗಿ ಉಪಾಸ ಕುಂತಾಳೋ."

"ಅಕಿ ತಾನ ಅಕ್ಕ ಅಂತಾಳಲ್ಲೋ?" ಎಂದ ಲಾರಿ ಕ್ಲೀನರ್ ಗಫಾರ. "ಹಂಗಾರ ಸಣ್ಣಾವಗ ಒಂದು ಸಣ್ಣ ಗ್ಲಾಸ್ ಹಾಕು, ಅಂತೋನಾ."

ಸಣ್ಣ ಗ್ಲಾಸಿನ ನಂತರ ಅವರಿಗೆ ಆರತಿಯ ನೆನಪಾಯಿತು. ಸೋಡಾ ಪೆಟ್ಟಿಗೆ ಬೋರಲು ಹಾಕಿ ನನ್ನನ್ನು ಕೂರಿಸಿದರು. ಬಸಣ್ಣ ತಲೆಗೆ ಟವೆಲ್ ಹೊದ್ದು ಮುತ್ತೈದೆಯಾದ. ತಟ್ಟೆಯಲ್ಲಿ ಮೇಣದಬತ್ತಿ. ಕುಂಕುಮ ಇರಲಿಲ್ಲ, ಗಫಾರ ಉಪ್ಪಿನಕಾಯಿಯ ಎಣ್ಣೆಯಲ್ಲಿ ಬೆರಳದ್ದಿ ಹಣೆಗೆ ಎಳೆದ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಸ್ವಲ್ಪ ನೀರು ಖಾರದ್ದು.

ಅಷ್ಟರಲ್ಲಿ ಮುಂದೆ ಅಂತೋನ ಜೋರಾಗಿ ಕೆಮ್ಮಿದ. ಪೊಲೀಸ್! ಮೇಣದಬತ್ತಿ ಆರಿಸಿ ಉಸಿರು ಹಿಡಿದೆವು. ಆ ಪೊಲೀಸಪ್ಪ ಒಂದು ಸೋಡಾ ಹಿಡಿದುಕೊಂಡು ತನ್ನ ಹಲ್ಲುನೋವಿನ ಕಥೆ ಹೇಳತೊಡಗಿದ. ಕಥೆಯಲ್ಲಿ ಅವನ ಹೆಂಡತಿಯ ತವರೂ ಬಂತು. ಅವನು ಹೋಗುವ ತನಕದ ತಡಕ್ಕೆ ಸರಕಾರವನ್ನು ದೂರಬಹುದು. ಹೋದ ಮೇಲೆ, "ಎದಿ ಹೊಡಕೊಳ್ಳಾಕತ್ತೈತಿ, ಇನ್ನೊಂದು ಹಾಕು" ಎಂದವನು ನಾನೇ. ಅದರ ನಂತರದ್ದನ್ನು ಕೇಳಿದವನೂ ನಾನೇ.

ಮನೆಗೆ ಬಂದಾಗ ಮಣೆಯ ಸುತ್ತ ರಂಗೋಲಿ ಹಾಗೇ ಇತ್ತು. "ಬಸ್ಸಿಗೆ ಹ್ವಾದ್ರು" ಎಂದಳು ನೀಲವ್ವ. ಓಡಿದೆ. ಬಸ್ಸು ಗುರುಗುಡುತ್ತಿತ್ತು. ಕಿಟಕಿಯ ಪಕ್ಕ ಪಾರವ್ವ.

"ಪಾರೂ, ಎಲಿ ತಂದೀನಿ. ಏನರ ತಿಂದೀ?"

"ಎಲಿ ಬರ್ಲಿ ಅಂತ ಕುಂತಿದ್ನಿ." ನನ್ನ ಹಣೆ ನೋಡಿದಳು. "ಆರತಿ ಆತೇನು?"

ನಾನು ಎಲೆಯ ಕಟ್ಟನ್ನು ಕಿಟಕಿಯತ್ತ ಚಾಚಿದೆ. ಅವಳು ಕೈ ಚಾಚಿ ನನ್ನ ಹಣೆ ಒರೆಸಿ ಬೆರಳು ಮೂಸಿದಳು. "ಉಪ್ಪಿನಕಾಯಿ!" ಎಂದಳು. ನಕ್ಕಳು ಎಂದು ಬರೆಯಲು ಆಸೆ. ನಗಲಿಲ್ಲ. ಬೆರಳಲ್ಲಿ ಉಳಿದದ್ದನ್ನು ತನ್ನ ಹಣೆಗೆ ಒತ್ತಿಕೊಂಡು, "ಇದು ನನ್ನ ಪಾಲಿಂದು" ಎಂದಳು. ಬಸ್ಸು ಹೊರಟಿತು. ಎಲೆ ನನ್ನ ಕೈಯಲ್ಲೇ ಉಳಿಯಿತು.

ಮರುವರ್ಷ ಅವಳು ಬರಲಿಲ್ಲ. "ಅತ್ತಿ ಬಿಡವಲ್ಲರು" ಎಂದು ಹೇಳಿ ಕಳಿಸಿದಳು. ಆ ಅತ್ತೆ ಬೇಸಿಗೆಯಲ್ಲೇ ತೀರಿಕೊಂಡಿದ್ದರು. ಮಣ್ಣಿಗೆ ನಾನೇ ಹೋಗಿ ಬಂದಿದ್ದೆ.

ಈಗ ನಾನು ಮಣೆಯ ನನ್ನ ಅರ್ಧದಲ್ಲಿ ಮಾತ್ರ ಕೂರುತ್ತೇನೆ. ನೀಲವ್ವ ನನಗೆ ಆರತಿ ಎತ್ತಿ, ಖಾಲಿ ಇರುವ ಅರ್ಧಕ್ಕೂ ಎತ್ತುತ್ತಾಳೆ. ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು. ಮಧ್ಯಾಹ್ನದ ಹೊತ್ತಿಗೆ ಓಣಿಯಲ್ಲಿ ಬಸಣ್ಣನ ಸಿಳ್ಳು ಕೇಳುತ್ತದೆ. "ಈ ಸಲ ಬರೂದಿಲ್ಲ ಅಂತ ಹೇಳು" ಎನ್ನುತ್ತೇನೆ, ಗಟ್ಟಿಯಾಗಿಯೇ. ನೀಲವ್ವ ಹೇಳಲು ಹೋಗುವುದಿಲ್ಲ. ಸುಮ್ಮನೆ ನನ್ನ ಕಾಲು ನೋಡುತ್ತಾಳೆ. ನಾನೂ ನೋಡಿಕೊಳ್ಳುತ್ತೇನೆ. ಚಪ್ಪಲಿ ಆಗಲೇ ಹಾಕಿಯಾಗಿರುತ್ತದೆ.